ಕಡಾಬ್ರಾ

ಕಡಾಬ್ರಾ ಜಪಾನಿನ ಪೊಕೆಮಾನ್ ವಿಡಿಯೋ ಗೇಮ್ ಸರಣಿಯ 64ನೆಯ ಜೀವಿ. ನರಿಯಂಥ ಮೋರೆ, ಹಳದಿ ಮೈ, ಉದ್ದನೆಯ ಮೀಸೆ, ಹಣೆಯ ಮೇಲೊಂದು ಕೆಂಪು ನಕ್ಷತ್ರ, ಕೈಯಲ್ಲೊಂದು ಬೆಳ್ಳಿ ಚಮಚ. ಎತ್ತರ 1.3 ಮೀಟರ್, ತೂಕ 56.5 ಕಿಲೋ. ಇದು ಹಲ್ಲು ಉಗುರುಗಳಿಂದ ಕಾದುವ ಪ್ರಾಣಿಯಲ್ಲ, ಮನಸ್ಸಿನ ಬಲದಿಂದಲೇ ಎದುರಾಳಿಯನ್ನು ಕೆಡಹುವಂಥದ್ದು. ಇದರ ಮೈಯಿಂದ ಹೊಮ್ಮುವ ತರಂಗಗಳಿಂದ ಹತ್ತಿರ ನಿಂತವರಿಗೆ ತಲೆನೋವು ಬರುತ್ತದೆ ಎಂದು ಆಟದೊಳಗಿನ ಕೋಶ ಎಚ್ಚರಿಸುತ್ತದೆ. ಅತೀಂದ್ರಿಯ ಶಕ್ತಿಯಿದ್ದ ಹುಡುಗನೊಬ್ಬ ಒಂದು ಬೆಳಗ್ಗೆ ಹಾಸಿಗೆಯಲ್ಲಿ ಕಡಾಬ್ರಾ ಆಗಿ ಎಚ್ಚೆತ್ತನೆಂಬ ಕಥೆಯೂ ಅದೇ ಕೋಶದಲ್ಲಿದೆ. ಮಕ್ಕಳ ಆಟವೊಂದರಲ್ಲಿ ಇಷ್ಟು ಮೈ ನಡುಗಿಸುವ ಸಾಲು ಅಪರೂಪ.

ಗೇಮ್ ಫ್ರೀಕ್ ಸಂಸ್ಥೆ ರೂಪಿಸಿದ 'ರೆಡ್' ಮತ್ತು 'ಗ್ರೀನ್' ಆಟಗಳು ನಿಂಟೆಂಡೊದ ಗೇಮ್ ಬಾಯ್‌ಗಾಗಿ 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಬಿಡುಗಡೆಯಾದವು. ಮೊದಲ 151 ಜೀವಿಗಳಲ್ಲಿ ಕಡಾಬ್ರಾ ಕೂಡ ಒಂದು. ಆದರೆ ಅದರ ಕೈಗೆ ಚಮಚ ಬಂದ ಕಥೆ ಇನ್ನೂ 22 ವರ್ಷ ಹಿಂದಕ್ಕೆ ಹೋಗುತ್ತದೆ. 1974ರಲ್ಲಿ ಇಸ್ರೇಲಿನ ಯೂರಿ ಗೆಲ್ಲರ್ ಜಪಾನಿಗೆ ಬಂದು, ಮನೋಬಲದಿಂದ ಚಮಚ ಬಾಗಿಸುತ್ತೇನೆಂದು ಟಿವಿಯಲ್ಲಿ ಪ್ರದರ್ಶನ ಕೊಟ್ಟರು. ಅದು ಬರೀ ಕೈಚಳಕ ಎಂದು ಅಮೆರಿಕದ ಜಾದೂಗಾರ ಜೇಮ್ಸ್ ರ‍್ಯಾಂಡಿ ವರ್ಷಗಟ್ಟಲೆ ವಾದಿಸಿದರು. ಜಪಾನಿನ ಮಕ್ಕಳು ಮಾತ್ರ ಮನೆಯ ಚಮಚ ಹಿಡಿದು, ಕಣ್ಣು ಮಿಟುಕಿಸದೆ ಕೂತುಬಿಟ್ಟರು. ಅತೀಂದ್ರಿಯ ಶಕ್ತಿಯುಳ್ಳವರನ್ನು ಅಲ್ಲಿ 'ಎಸ್ಪರ್' ಎನ್ನುತ್ತಾರೆ, ಪೊಕೆಮಾನ್‌ನಲ್ಲಿ ಕಡಾಬ್ರಾದ ವರ್ಗಕ್ಕೂ ಜಪಾನಿ ಭಾಷೆಯಲ್ಲಿ ಅದೇ ಹೆಸರು. ಆಟದ ಜನಕ ಸತೋಷಿ ತಾಜಿರಿ ಹುಟ್ಟಿದ್ದು 1965ರಲ್ಲಿ, ಜೀವಿಗಳ ಚಿತ್ರಗಳ ಹೊಣೆ ಹೊತ್ತ ಕೆನ್ ಸುಗಿಮೋರಿ 1966ರಲ್ಲಿ. ಚಮಚದ ಹುಚ್ಚು ಹಬ್ಬಿದಾಗ ಇಬ್ಬರೂ ಎಂಟು ವರ್ಷದ ಆಸುಪಾಸಿನ ಹುಡುಗರು. ಕಡಾಬ್ರಾದ ಕೈಯಲ್ಲಿರುವ ಚಮಚವನ್ನು ಆ ಬಾಲ್ಯದ ಬೆರಗಿನ ಗುರುತೆಂದೇ ಓದಬೇಕು, ಅಣಕವೆಂದಲ್ಲ.

ಹೆಸರುಗಳಲ್ಲೂ ಅದೇ ಬೆರಗು ಕಾಣುತ್ತದೆ. ಈ ಕುಟುಂಬದಲ್ಲಿ ಮೂರು ಜೀವಿಗಳು. ಸದಾ ನಿದ್ದೆಯಲ್ಲಿರುವ ಮೊದಲನೆಯದು ಜಪಾನಿಯಲ್ಲಿ 'ಕೇಸಿ': ನಿದ್ದೆಯಂಥ ಸ್ಥಿತಿಯಲ್ಲಿ ಭವಿಷ್ಯ ಹೇಳುತ್ತಿದ್ದ ಎಡ್ಗರ್ ಕೇಸಿಯ ನೆನಪು. ಕೊನೆಯದು 'ಫೂಡಿನ್', ಜಾದೂಗಾರ ಹ್ಯಾರಿ ಹೂಡಿನಿಯ ನೆರಳು. ನಡುವಿನದು 'ಯುಂಗೆರಾ'. ಜಪಾನಿನ ಕಟಕಾನಾ ಲಿಪಿಯಲ್ಲಿ 'ನ್' ಮತ್ತು 'ರಿ' ಅಕ್ಷರಗಳು ನೋಡಲು ಬಹಳ ಹತ್ತಿರ. ಒಂದೇ ಒಂದು ಅಕ್ಷರ ತಪ್ಪಿ ಓದಿದರೆ 'ಯುಂಗೆರಾ' ಹೋಗಿ 'ಯೂರಿ ಗೆರಾ' ಆಗುತ್ತದೆ! 1998ರಲ್ಲಿ ಆಟ ಅಮೆರಿಕಕ್ಕೆ ಹೋದಾಗ ಈ ಮೂರೂ ಜಾದೂಗಾರರ ಮಂತ್ರಗಳ ಹೆಸರು ಪಡೆದವು: ಆಬ್ರಾ, ಕಡಾಬ್ರಾ, ಅಲಕಜಾಮ್.

ಆಟಗಾರರ ಮನಸ್ಸಿನಲ್ಲಿ ಕಡಾಬ್ರಾ ಉಳಿದದ್ದು ಅದನ್ನು ಪಡೆಯುವ ಕಷ್ಟದಿಂದ. ಕಾಡಿನಲ್ಲಿ ಎದುರಾಗುವ ಆಬ್ರಾಕ್ಕೆ ಗೊತ್ತಿರುವುದು 'ಟೆಲಿಪೋರ್ಟ್' ಒಂದೇ, ಹಿಡಿಯಲೆಂದು ಚೆಂಡು ಎಸೆಯುವ ಮೊದಲೇ ಮಾಯ. ಹೇಗೋ ಹಿಡಿದು 16ನೆಯ ಹಂತದವರೆಗೆ ಸಾಕಿದರೆ ಕಡಾಬ್ರಾ ಆಗುತ್ತದೆ. ಮೊದಲ ಪೀಳಿಗೆಯ ಆಟಗಳಲ್ಲಿ ಎಸ್ಪರ್ ವರ್ಗಕ್ಕೆ ಎದುರಾಳಿಯೇ ಇರಲಿಲ್ಲ. ಕೀಟ ವರ್ಗದ ಹೊಡೆತಗಳಲ್ಲಿ ಕಸುವಿರಲಿಲ್ಲ. ದೆವ್ವ ವರ್ಗದ ಹೊಡೆತ ನಾಟಬೇಕಿತ್ತು, ಲೆಕ್ಕಾಚಾರದ ದೋಷದಿಂದ ಅದು ಕೊಂಚವೂ ತಾಗುತ್ತಿರಲಿಲ್ಲ. ಈ ಅಸಮತೋಲನ ಸರಿಹೋದದ್ದು 1999ರ 'ಗೋಲ್ಡ್' ಮತ್ತು 'ಸಿಲ್ವರ್' ಆಟಗಳಲ್ಲಿ, ಡಾರ್ಕ್ ಮತ್ತು ಸ್ಟೀಲ್ ಎಂಬ ಹೊಸ ವರ್ಗಗಳು ಬಂದಮೇಲೆ.

ಕಡಾಬ್ರಾ ಎಷ್ಟೇ ಬಲಿತರೂ ತಾನಾಗಿ ಅಲಕಜಾಮ್ ಆಗುವುದಿಲ್ಲ. ಗೇಮ್ ಬಾಯ್ ಕಾಲದಲ್ಲಿ ಕೇಬಲ್ ಜೋಡಿಸಿ ಅದನ್ನು ಇನ್ನೊಬ್ಬ ಆಟಗಾರನಿಗೆ ಕೊಡಬೇಕಿತ್ತು, ಕೊಟ್ಟ ಕ್ಷಣದಲ್ಲೇ ರೂಪ ಬದಲಾಗುತ್ತಿತ್ತು. ಸ್ನೇಹಿತನನ್ನು ನಂಬಿ ಒಪ್ಪಿಸಬೇಕಿತ್ತು, ಅವನು ತಿರುಗಿ ಕೊಡಬೇಕಿತ್ತು. ಗೇಮ್ ಬಾಯ್‌ನ ಕೇಬಲ್ ನೋಡಿ ಅದರ ಮೇಲೆ ಹುಳುಗಳು ಹರಿದಾಡುವುದನ್ನು ಕಲ್ಪಿಸಿಕೊಂಡ ತಾಜಿರಿಯವರ ಮೂಲ ಆಶಯ ಇಷ್ಟು ಚೊಕ್ಕವಾಗಿ ಇಳಿದದ್ದು ಕೆಲವೇ ಜೀವಿಗಳಲ್ಲಿ. ವಿನಿಮಯವಿಲ್ಲದೆ ರೂಪ ಬದಲಿಸುವ ವಸ್ತುವೊಂದು ಬಂದದ್ದು 2022ರ 'ಲೆಜೆಂಡ್ಸ್: ಆರ್ಸಿಯಸ್' ಆಟದಲ್ಲಿ.

2000ದ ನವೆಂಬರ್‌ನಲ್ಲಿ ಗೆಲ್ಲರ್ ನಿಂಟೆಂಡೊ ಮೇಲೆ ಮೊಕದ್ದಮೆ ಹೂಡಿದರು. ಅನುಮತಿಯಿಲ್ಲದೆ ತನ್ನ ಹೆಸರನ್ನೂ ಚಮಚವನ್ನೂ ಬಳಸಿಕೊಂಡಿದ್ದಾರೆ, ಜೀವಿಯ ಮೈಮೇಲಿನ ಗುರುತುಗಳು ನಾಜಿಗಳ ಎಸ್‌ಎಸ್ ಪಡೆಯ ಚಿಹ್ನೆಯಂತಿವೆ ಎಂಬುದು ಅವರ ದೂರು. ಗುರುತುಗಳ ಬಗೆಗಿನ ಆರೋಪ ಒಪ್ಪುವಂಥದ್ದಲ್ಲ. ಹೆಸರಿನ ಮಾತು ಬೇರೆ, ಅಲ್ಲಿ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ. ವಿಡಿಯೋ ಗೇಮ್‌ಗಳಲ್ಲಿ ಕಡಾಬ್ರಾ ಉಳಿಯಿತು. ಏಟು ಬಿದ್ದದ್ದು ಇಸ್ಪೀಟಿನಂತೆ ಕೈಯಲ್ಲಿ ಹಿಡಿದು ಆಡುವ ಪೊಕೆಮಾನ್ ಕಾರ್ಡುಗಳಿಗೆ. ಇಂಗ್ಲಿಷಿನಲ್ಲಿ 2003ರ 'ಸ್ಕೈರಿಜ್' ಕಟ್ಟಿನ ನಂತರ ಹೊಸ ಕಡಾಬ್ರಾ ಕಾರ್ಡು ಅಚ್ಚಾಗಲಿಲ್ಲ. ಈ ಆಟದಲ್ಲಿ ಮೂರು ಹಂತದ ಕುಟುಂಬವೆಂದರೆ ಮೆಟ್ಟಿಲಿದ್ದಂತೆ: ಆಬ್ರಾದ ಮೇಲೆ ಕಡಾಬ್ರಾ, ಅದರ ಮೇಲೆ ಅಲಕಜಾಮ್. ನಡುವಿನ ಮೆಟ್ಟಿಲೇ ಹೋದಮೇಲೆ ಮೇಲಿನದನ್ನು ಹತ್ತುವುದು ಹೇಗೆ? 2016ರಲ್ಲಿ ಬಂದ ಅಲಕಜಾಮ್-ಇಎಕ್ಸ್‌ಗೆ ಕೆಳಗಿನ ಹಂತಗಳೇ ಬೇಕಿರಲಿಲ್ಲ, ಅದನ್ನು ನೇರವಾಗಿ ಆಟಕ್ಕಿಳಿಸಬಹುದಿತ್ತು. ಹಳೆಯ ಕಾರ್ಡು ಜತನದಿಂದ ಇಟ್ಟುಕೊಂಡಿದ್ದವರಿಗೆ ಇದರಿಂದ ಸಮಾಧಾನವಾಗಲಿಲ್ಲ. ಅವರು ಗೆಲ್ಲರ್‌ಗೆ ಬರೆಯುತ್ತಲೇ ಹೋದರು.

2020ರ ನವೆಂಬರ್ ಕೊನೆಯಲ್ಲಿ, 73 ವರ್ಷದ ಗೆಲ್ಲರ್ ಟ್ವಿಟರ್‌ನಲ್ಲಿ ಕ್ಷಮೆ ಕೇಳಿ, ತಮ್ಮ ಕಡೆಯಿಂದ ತಡೆಯಿಲ್ಲ, ಇನ್ನು ನಿಂಟೆಂಡೊಗೆ ಬಿಟ್ಟದ್ದು ಎಂದು ಪ್ರಕಟಿಸಿದರು. ಇಪ್ಪತ್ತು ವರ್ಷ ಹಿಡಿದಿದ್ದ ಹಟವನ್ನು ಎಲ್ಲರೆದುರು ಬಿಟ್ಟುಕೊಟ್ಟದ್ದು ದೊಡ್ಡ ಮಾತೇ. 2023ರ ಜೂನ್‌ನಲ್ಲಿ ಜಪಾನಿನಲ್ಲಿ, ಸೆಪ್ಟೆಂಬರ್‌ನಲ್ಲಿ ಇಂಗ್ಲಿಷಿನಲ್ಲಿ ಬಂದ '151' ಎಂಬ ಕಟ್ಟಿನಲ್ಲಿ ಆಬ್ರಾ ಮತ್ತು ಅಲಕಜಾಮ್‌ಗಳ ನಡುವೆ ಕಡಾಬ್ರಾ ಮತ್ತೆ ಬಂದು ಕೂತಿತು. ಆಟದ ಕೋಶದಲ್ಲಿರುವ ಅನುಕ್ರಮದಲ್ಲೇ ಜೋಡಿಸಿದ ಕಟ್ಟು ಅದು. ಕಾರ್ಡಿನ ಸಂಖ್ಯೆಯೂ 64.