ಕಿಸೆಯ ಪ್ರೊಜೆಕ್ಟರು, ಗಾಡಿಯ ಗೊಂಬೆಪೆಟ್ಟಿಗೆ

ಮೊಬೈಲು ಫೋನಿನ ಒಡಲಲ್ಲೇ ಪ್ರೊಜೆಕ್ಟರನ್ನು ಅಡಗಿಸುವ ಸಾಹಸವೊಂದು ನಡೆದು ಮುಗಿದುದು ನಮ್ಮಲ್ಲಿ ಬಹುಮಂದಿಯ ಗಮನಕ್ಕೇ ಬರಲಿಲ್ಲ. 2009ರಲ್ಲಿ ನಿಕಾನ್ ಕಂಪನಿಯು ಗೋಡೆಯ ಮೇಲೆ ಚಿತ್ರ ಬೀರುವ ಕ್ಯಾಮೆರಾ ತಂದಿತು. 2012ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಬೀಮ್ ಫೋನು ಬಂದಿತು. ಇದರ ಜೀವಾಳ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ರೂಪಿಸಿದ ಕನ್ನಡಿಗಳ ಚಿಪ್ಪು. ಚಿತ್ರದ ಒಂದೊಂದು ಚುಕ್ಕೆಗೆ ಒಂದೊಂದು ಕನ್ನಡಿ. ಅದು ಈ ಕಡೆ ವಾಲಿದರೆ ಬೆಳಕು ಮಸೂರದತ್ತ, ಆ ಕಡೆ ವಾಲಿದರೆ ಕತ್ತಲು.

ಜಾಣ್ಮೆಗೆ ಕೊರತೆಯಿರಲಿಲ್ಲ, ಬೆಳಕಿಗಿತ್ತು. ಗ್ಯಾಲಕ್ಸಿ ಬೀಮ್ ಕೊಡುತ್ತಿದ್ದುದು 15 ಲೂಮೆನ್. ನಮ್ಮ ಹಳೆಯ 60 ವ್ಯಾಟಿನ ಬಲ್ಬು ಸುಮಾರು 700. ನನ್ನ ವಿದ್ಯಾರ್ಥಿಗಳಿಗೆ ಈ ಲೆಕ್ಕ ನೆನಪಿರಬೇಕು: ಚಿತ್ರದ ಉದ್ದ ಅಗಲಗಳೆರಡೂ ಇಮ್ಮಡಿಯಾದರೆ ಪ್ರಕಾಶ ಕಾಲುಭಾಗಕ್ಕಿಳಿಯುತ್ತದೆ. ಬೆಳಕು ಹೆಚ್ಚಿಸೋಣವೆಂದರೆ ಫೋನು ಕಾಯುತ್ತದೆ, ಬ್ಯಾಟರಿ ಬರಿದಾಗುತ್ತದೆ. ಸಿರುಗುಪ್ಪದ ಶಾಲೆಯಲ್ಲಿ ಸ್ಲೈಡು ತೋರಿಸುವಾಗ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟುತ್ತಿದ್ದೆವಲ್ಲ, ಅದೇ ತೊಂದರೆ. ಆ ಯಂತ್ರವನ್ನು ಹೊರಲು ಇಬ್ಬರು ಹುಡುಗರು ಬೇಕಾಗುತ್ತಿತ್ತು ಎಂಬುದಷ್ಟೇ ವ್ಯತ್ಯಾಸ!

ಇದೇ ಸಮಸ್ಯೆಯನ್ನು ನಮ್ಮ ಸೀಮೆಯ ತೊಗಲುಗೊಂಬೆಯವರು ಬೇರೊಂದು ರೀತಿಯಲ್ಲಿ ಬಿಡಿಸಿದ್ದರು. ಬಾಲ್ಯದಲ್ಲಿ ಕುರುಗೋಡಿನ ಬಯಲಿನಲ್ಲಿ ನಾನು ಕಂಡ ಆಟದಲ್ಲಿ ಮಸೂರವೇ ಇರಲಿಲ್ಲ. ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಬಣ್ಣ ಹಚ್ಚಿ, ಗೊಂಬೆಯನ್ನು ಪರದೆಗೇ ಒತ್ತಿ ಹಿಡಿಯುತ್ತಿದ್ದರು. ಆದುದರಿಂದ ಅಂಚು ಮಸುಕಾಗುತ್ತಿರಲಿಲ್ಲ. ದೀಪ ಪರದೆಯ ಹಿಂದೆಯೇ ಇತ್ತು. ಎಣ್ಣೆ ತೀರಿದರೆ ಹೊಯ್ಯುತ್ತಿದ್ದರು, ಕಥೆ ಬೆಳಗಿನವರೆಗೂ ಸಾಗುತ್ತಿತ್ತು. ಉಳಿದುದಕ್ಕೆ ಊರಿನ ಕತ್ತಲೆಯಿತ್ತು. ಪರದೆ, ಗೊಂಬೆ, ದೀಪ ಎಲ್ಲವೂ ಒಂದು ಗಾಡಿಯಲ್ಲಿ ಹಿಡಿಯುತ್ತಿದ್ದವು.

ಈ ಕಲೆಯನ್ನು ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಹೊಸ ಕಾಲಕ್ಕೆ ತಂದರು. ರಂಗಭೂಮಿಯಿಂದ ಬಂದ ಅವರು ರಾಮಾಯಣಕ್ಕೇ ನಿಲ್ಲದೆ ಗಾಂಧೀಜಿಯವರ ಬದುಕನ್ನೂ ಸ್ವಾತಂತ್ರ್ಯ ಸಂಗ್ರಾಮವನ್ನೂ ತೊಗಲಿನಲ್ಲಿ ಕೆತ್ತಿಸಿ ಕುಣಿಸಿದರು, ಹೊರದೇಶಗಳಿಗೂ ಒಯ್ದರು. 2023ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡಾಗ ಬಳ್ಳಾರಿಗೆ ಆದ ನಷ್ಟವನ್ನು ನಾವು ಇನ್ನೂ ಸರಿಯಾಗಿ ಅಳೆದಿಲ್ಲವೆಂದೇ ನನ್ನ ಭಾವನೆ.

ಪ್ರೊಜೆಕ್ಟರು ಫೋನು ಗೆಲ್ಲಬೇಕಿತ್ತೆಂದು ನನಗೆ ಈಗಲೂ ಅನಿಸುತ್ತದೆ. ಫೋನಿನ ಪರದೆ ಒಬ್ಬನ ಸೊತ್ತು. ಗೋಡೆಯ ಮೇಲಿನ ಚಿತ್ರವನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಬಹುದು. ಆದರೆ ಫೋನಿನ ಪರದೆಯೇ ದೊಡ್ಡದಾಗುತ್ತ, ಹೊಳೆಯುತ್ತ ಬಂದಿತು. ಮಂದ ಬೆಳಕಿಗಾಗಿ ದಪ್ಪನೆಯ ಫೋನು ಹೊರುವವರು ಉಳಿಯಲಿಲ್ಲ. ಈಗ ಬ್ಯಾಟರಿಯ ಪುಟ್ಟ ಪ್ರೊಜೆಕ್ಟರುಗಳು ಫೋನಿನಿಂದ ಬೇರೆಯಾಗಿಯೇ ಮಾರಾಟವಾಗುತ್ತಿವೆ. ಕೊಳ್ಳುವವರು ಪೆಟ್ಟಿಗೆಯ ಮೇಲೆ ಲೂಮೆನ್ ಎಷ್ಟೆಂದು ಓದಿಯೇ ಕೊಳ್ಳಿರಿ.