ಕಾಫಿ ತೋಟಗಳ ವೈದ್ಯೋಪಚಾರ ದಾಖಲೆಗಳಲ್ಲಿ ಕಾಲಗಣನೆ

ವೈದ್ಯರು ರೋಗಿಗಾಗಿ ವ್ಯಯಿಸಿದ ಕಾಲವನ್ನು ಬರೆದಿಟ್ಟು, ಅದರ ಆಧಾರದಿಂದ ಶುಲ್ಕವನ್ನು ನಿರ್ಧರಿಸುವ ಕ್ರಮವು ಆಧುನಿಕ ವೈದ್ಯಕೀಯ ಲೆಕ್ಕಪತ್ರದ ಒಂದು ಮುಖ್ಯ ಲಕ್ಷಣವಾಗಿದೆ. ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಪರಿಸರದ ಕಾಫಿ ತೋಟಗಳಲ್ಲಿಯೂ ಚಿಕಿತ್ಸೆ, ಕಾಲ ಮತ್ತು ಹಣ ಈ ಮೂರೂ ಕಾಗದದ ಮೇಲೆ ಒಂದುಗೂಡಿದ್ದವು. ಆದರೆ ಇಲ್ಲಿ ಲೆಕ್ಕಕ್ಕೆ ಬಂದ ಕಾಲವು ಕಾರ್ಮಿಕನದು. ಅದರ ಅಳತೆ ನಿಮಿಷವಲ್ಲ, ದಿನ. ಈ ಭೇದದ ಹಿನ್ನೆಲೆಯನ್ನೂ ಪರಿಣಾಮವನ್ನೂ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಬಾಬಾಬುಡನ್ ಗಿರಿಯ ಹೆಸರಿನೊಡನೆ ಬೆಸೆದುಕೊಂಡಿರುವ ಕಾಫಿ ಬೆಳೆಯು 19ನೆಯ ಶತಮಾನದಲ್ಲಿ ಯುರೋಪಿಯನ್ನರ ಮತ್ತು ಸ್ಥಳೀಯರ ದೊಡ್ಡ ತೋಟಗಳ ರೂಪವನ್ನು ತಳೆಯಿತು. ಕೆಲಸಗಾರರಲ್ಲಿ ಅನೇಕರು ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಬರುತ್ತಿದ್ದರು. ತಮಿಳು ಸೀಮೆಯಿಂದ ಬಂದವರೂ ಇದ್ದರು. ಮೇಸ್ತ್ರಿಯ ಮೂಲಕ ಮುಂಗಡ ಕೊಟ್ಟು ಆಳುಗಳನ್ನು ಕರೆತರುವುದು ವಾಡಿಕೆಯಾಗಿತ್ತು. ಮುಂಗಡ ಪಡೆದು ಕೆಲಸಕ್ಕೆ ತಪ್ಪಿದವನನ್ನು ದಂಡನೆಗೆ ಗುರಿಪಡಿಸುತ್ತಿದ್ದ 1859ರ ಕರಾರು ಉಲ್ಲಂಘನೆ ಕಾಯ್ದೆಯನ್ನು ದಕ್ಷಿಣ ಭಾರತದ ತೋಟಗಳಲ್ಲಿ ಬಳಸಲಾಗುತ್ತಿತ್ತು. ಅದನ್ನು ರದ್ದುಪಡಿಸುವ ಶಾಸನ ಬಂದುದು 1925ರಲ್ಲಿ. ಮುಂಗಡವು ದುಡಿದ ದಿನಗಳಿಂದ ತೀರಬೇಕಾಗಿದ್ದುದರಿಂದ, ಜ್ವರದಿಂದ ಮಲಗಿದ ದಿನವು ಕೂಲಿಯ ನಷ್ಟದ ಜೊತೆಗೆ ಸಾಲದ ಮುಂದುವರಿಕೆಯೂ ಆಗುತ್ತಿತ್ತು. ಮಲೆನಾಡಿನ ಹಳ್ಳಕೊಳ್ಳಗಳಲ್ಲಿ ಬೆಳೆಯುವ ಅನಾಫಿಲಿಸ್ ಸೊಳ್ಳೆಯಿಂದ ಹರಡುತ್ತಿದ್ದ ಮಲೇರಿಯಾ ಈ ಪ್ರದೇಶದ ಪ್ರಮುಖ ಪಿಡುಗಾಗಿದ್ದುದನ್ನು ನೆನೆದರೆ, ಇಂತಹ ದಿನಗಳ ಭಾರವನ್ನು ಊಹಿಸಬಹುದು.

ಸ್ವಾತಂತ್ರ್ಯಾನಂತರ 1951ರ ತೋಟ ಕಾರ್ಮಿಕರ ಕಾಯ್ದೆಯು ಈ ಸಂಬಂಧವನ್ನು ಬದಲಿಸಿತು. ಅದರ 10ನೆಯ ಪ್ರಕರಣದಂತೆ, ರಾಜ್ಯ ಸರಕಾರ ಗೊತ್ತುಪಡಿಸಿದ ವೈದ್ಯಕೀಯ ಸೌಲಭ್ಯಗಳು ಕಾರ್ಮಿಕರಿಗೂ ಅವರ ಕುಟುಂಬದವರಿಗೂ ಪ್ರತಿಯೊಂದು ತೋಟದಲ್ಲಿ ಸುಲಭವಾಗಿ ದೊರೆಯಬೇಕಾಗಿತ್ತು. ಮಾಲೀಕನು ತಪ್ಪಿದಲ್ಲಿ ಮುಖ್ಯ ತನಿಖಾಧಿಕಾರಿಯು ಸೌಲಭ್ಯವನ್ನು ತಾನೇ ಏರ್ಪಡಿಸಿ, ಅದರ ವೆಚ್ಚವನ್ನು ಮಾಲೀಕನಿಂದ ವಸೂಲು ಮಾಡಬಹುದಾಗಿತ್ತು. ಹೀಗೆ ಚಿಕಿತ್ಸೆಯ ಖರ್ಚು ತೋಟದ ಮೇಲೆ ಬಿದ್ದುದರಿಂದ, ಒಬ್ಬೊಬ್ಬ ರೋಗಿಗೆ ಸಂದ ಹೊತ್ತನ್ನು ಅಳೆದು ಬೆಲೆಕಟ್ಟುವ ಅಗತ್ಯವೇ ಹುಟ್ಟಲಿಲ್ಲ.

ಅಗತ್ಯವಾದುದು ಬೇರೊಂದು ಬರಹ. ಕಾಯ್ದೆಯ 32ನೆಯ ಪ್ರಕರಣವು ಅರ್ಹ ವೈದ್ಯರ ಪ್ರಮಾಣಪತ್ರದ ಆಧಾರದ ಮೇಲೆ ಕಾಯಿಲೆ ಭತ್ಯೆಯನ್ನು ಕೊಡಮಾಡಿತು. ಅದರ ದರ ಮತ್ತು ಅವಧಿಯನ್ನು ರಾಜ್ಯದ ನಿಯಮಗಳಿಗೆ ಬಿಟ್ಟಿತು. ಡಿಸ್ಪೆನ್ಸರಿಯ ಚೀಟಿ ಮತ್ತು ರೈಟರನ ಹಾಜರಿ ಪುಸ್ತಕ ಪರಸ್ಪರ ಸಂಧಿಸಿದುದು ಇಲ್ಲಿಯೇ. ಹಾಜರಿಯಲ್ಲಿ ಬರಿದಾದ ದಿನಕ್ಕೆ ವೈದ್ಯರ ಸಹಿ ದೊರೆತರೆ ಅದು ಭತ್ಯೆಯ ದಿನ. ದೊರೆಯದಿದ್ದರೆ ಗೈರುಹಾಜರಿಯ ದಿನ. ಎರಡು ಕಡೆಯೂ ಜ್ವರ ಒಂದೇ.

ಹೆರಿಗೆಯ ಸಂದರ್ಭದಲ್ಲಿ ಈ ಬರಹದ ಮಹತ್ವ ಇನ್ನೂ ಸ್ಪಷ್ಟವಾಗುತ್ತದೆ. ತೋಟಗಳಿಗೂ ಅನ್ವಯಿಸಿದ 1961ರ ಹೆರಿಗೆ ಸೌಲಭ್ಯ ಕಾಯ್ದೆಯು ಆರಂಭದಲ್ಲಿ ಹಿಂದಿನ 12 ತಿಂಗಳಲ್ಲಿ 160 ದಿನಗಳ ದುಡಿಮೆಯನ್ನು ಕೇಳಿತು; 1988ರ ತಿದ್ದುಪಡಿ ಅದನ್ನು 80ಕ್ಕೆ ಇಳಿಸಿತು. ಮಾಲೀಕನು ಉಚಿತ ಆರೈಕೆ ಒದಗಿಸದಿದ್ದರೆ ವೈದ್ಯಕೀಯ ಬೋನಸ್ಸು ಸಲ್ಲಬೇಕಾಗಿತ್ತು. ಮೊದಲು 25 ರೂಪಾಯಿಗಳಿದ್ದ ಈ ಮೊತ್ತವು 1988ರ ತಿದ್ದುಪಡಿಯಿಂದ 250, 2008ರಲ್ಲಿ 1,000 ಹಾಗೂ 2011ರಲ್ಲಿ 3,500 ರೂಪಾಯಿಗಳಾಯಿತು. ಹೆರಿಗೆ ಸುಸೂತ್ರವಾದರೂ ರಾತ್ರಿಯಿಡೀ ಎಳೆದರೂ ಮೊತ್ತ ಒಂದೇ. ಆದರೆ ಹಣ್ಣು ಕೊಯ್ಲಿಗೆಂದು ಬಂದು, ಒಂದು ತೋಟದಿಂದ ಇನ್ನೊಂದಕ್ಕೆ ಸಾಗುವ ಹೆಣ್ಣಾಳಿನ ಪಾಲಿಗೆ 80 ದಿನಗಳೂ ಒಂದೇ ಪುಸ್ತಕದಲ್ಲಿ ಕೂಡಿಬರುವುದು ಸುಲಭವಲ್ಲ.

ಅಮೆರಿಕದ ಸರಕಾರಿ ವಿಮೆಯಾದ ಮೆಡಿಕೇರ್‌ನಲ್ಲಿ ಇದಕ್ಕೆ ವಿರುದ್ಧವಾದ ಚಿತ್ರ ಕಂಡುಬರುತ್ತದೆ. ಹಾರ್ವರ್ಡ್‌ನ ವಿಲಿಯಂ ಸಿಯಾವೊ ಅವರ ತಂಡವು 1988ರಲ್ಲಿ ವೈದ್ಯರ ಶ್ರಮವನ್ನು ಅಳೆದಾಗ ಕಾಲವೂ ಒಂದು ಅಂಶವಾಗಿತ್ತು. 1992ರಿಂದ ಭೇಟಿಯ ಸಂಕೇತಗಳೊಡನೆ ವಾಡಿಕೆಯ ನಿಮಿಷಗಳೂ ನಮೂದಾದವು. 2021ರಿಂದ ಹೊರರೋಗಿಯ ಭೇಟಿಗೆ, ಅದೇ ದಿನ ಕಡತ ಬರೆಯಲು ಹಿಡಿದ ಹೊತ್ತನ್ನೂ ಸೇರಿಸಿ ಒಟ್ಟು ಕಾಲದ ಮೇಲೆ ಬಿಲ್ಲು ಮಾಡಲು ಅವಕಾಶವಾಯಿತು. ಭಾರತದಲ್ಲಿ 2002ರ ವೈದ್ಯಕೀಯ ನೀತಿ ನಿಯಮಗಳು ಶುಲ್ಕವನ್ನು ಫಲಕದಲ್ಲಿ ಪ್ರಕಟಿಸಲೂ ಪ್ರಮಾಣಪತ್ರಗಳ ವಿವರವನ್ನು ಪುಸ್ತಕದಲ್ಲಿ ದಾಖಲಿಸಲೂ ವಿಧಿಸಿದವು. ಕರ್ನಾಟಕದಲ್ಲಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿಯೂ 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯೂ ಚಿಕಿತ್ಸೆಗೆ ಇಡಿಗಂಟಿನ ದರವನ್ನು ಅನುಸರಿಸಿದವು. ನಿಮಿಷದ ಲೆಕ್ಕ ಇಲ್ಲಿ ನೆಲೆಯೂರಲಿಲ್ಲ.

ಎರಡು ಕ್ರಮಗಳಿಗೂ ಅವುಗಳದೇ ಮಿತಿಗಳಿವೆ. ನಿಮಿಷ ಎಣಿಸುವಲ್ಲಿ ಬರವಣಿಗೆಯೇ ವೈದ್ಯರಿಗೆ ಹೊರೆಯಾಗುತ್ತದೆ. ದಿನ ಎಣಿಸುವಲ್ಲಿ ರೋಗಿಯ ಮಾತನ್ನು ವೈದ್ಯರು ಎಷ್ಟು ಹೊತ್ತು ಕೇಳಿದರೆಂಬುದು ಉಳಿಯುವುದಿಲ್ಲ. ತೋಟದ ದಾಖಲೆಯಿಂದ ಆರೋಗ್ಯದ ಇತಿಹಾಸವನ್ನು ರಚಿಸುವ ಸಂಶೋಧಕರು ಈ ಕೊರತೆಯನ್ನು ಗಮನಿಸಬೇಕು. ಕಾಯಿಲೆಯ ದಿನಗಳ ಇಳಿಕೆಯು ಆರೋಗ್ಯದ ಏರಿಕೆಯನ್ನೇ ಸೂಚಿಸಬೇಕಾಗಿಲ್ಲ. ಪ್ರಮಾಣಪತ್ರ ದೊರೆಯದ ದಿನಗಳೂ ಅದರ ಹಿಂದಿರಬಹುದು. 1981ರ ತಿದ್ದುಪಡಿಯ ನಂತರವೂ 1951ರ ಕಾಯ್ದೆ ಅನ್ವಯವಾದುದು ಸಾಮಾನ್ಯವಾಗಿ 5 ಹೆಕ್ಟೇರು ಮತ್ತು 15 ಕೆಲಸಗಾರರ ಮಿತಿಯನ್ನು ಮುಟ್ಟಿದ ತೋಟಗಳಿಗೆ ಮಾತ್ರ. ಸಣ್ಣ ಹಿಡುವಳಿಗಳೇ ಬಹುಸಂಖ್ಯೆಯಲ್ಲಿರುವ ಕಾಫಿ ಕೃಷಿಯಲ್ಲಿ ಅನೇಕರ ಕಾಯಿಲೆ ಈ ಬರಹದ ಹೊರಗೇ ಉಳಿಯಿತು.

2020ರ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದು, ಈ ಎರಡೂ ಹಳೆಯ ಕಾಯ್ದೆಗಳ ಸ್ಥಾನವನ್ನು ಪಡೆದವು. ಹೆರಿಗೆ ಸೌಲಭ್ಯಕ್ಕೆ 80 ದಿನಗಳ ನಿಬಂಧನೆ ಹೊಸ ಸಂಹಿತೆಯಲ್ಲಿಯೂ ಉಳಿದಿದೆ. ತೋಟದ ಮಾಲೀಕರು ಇಚ್ಛಿಸಿದಲ್ಲಿ ನೌಕರರ ರಾಜ್ಯ ವಿಮೆಯನ್ನು ಸೇರಲೂ ಅವಕಾಶ ದೊರೆತಿದೆ. ಕಾಯ್ದೆಯ ಹೆಸರು ಬದಲಾದರೂ ಹಾಜರಿ ಪುಸ್ತಕದ ಅಧಿಕಾರ ತಗ್ಗಿಲ್ಲ. ಆದ್ದರಿಂದ ಹಳೆಯ ತೋಟಗಳಲ್ಲಿ ಉಳಿದಿರಬಹುದಾದ ಡಿಸ್ಪೆನ್ಸರಿ ಪುಸ್ತಕಗಳನ್ನು ಹಾಜರಿ ಪುಸ್ತಕಗಳೊಡನೆ ಜೋಡಿಸಿ ಸಂರಕ್ಷಿಸುವುದು ಅವಶ್ಯಕ. ಒಂದರಲ್ಲಿ ಬರಿದಾಗಿ ಕಾಣುವ ದಿನದ ಅರ್ಥ ಇನ್ನೊಂದರಲ್ಲಿ ದೊರೆಯಬಹುದು.