ಹೋಸ್ಟ್‌ನಾಮದಿಂದ ವಿಳಾಸಕ್ಕೆ: ಸಿ ಭಾಷೆಯ ಪ್ರೋಗ್ರಾಂಗಳಲ್ಲಿ ಹೆಸರಿನ ಶೋಧನೆಯ ಚರಿತ್ರೆ

೧. ಪ್ರವೇಶ

ಊರಿನ ಹೆಸರು ಬೇರೆ, ಆ ಊರನ್ನು ತಲಪುವುದಕ್ಕೆ ಬೇಕಾದ ವಿಳಾಸ ಬೇರೆ. ಗುಬ್ಬಿ ತಾಲ್ಲೂಕಿನಲ್ಲಿ ಹೋಬಳಿಯ ಕೇಂದ್ರವಾಗಿರುವ ಚೇಳೂರನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇದೇ ಹೆಸರಿನ ಇನ್ನೊಂದು ಊರು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿಯೂ ಉಂಟು. ಆದುದರಿಂದ ಲಕೋಟೆಯ ಮೇಲೆ ಬರಿಯ ‘ಚೇಳೂರು’ ಎಂದು ಬರೆದರೆ ಸಾಲದು. ‘ಚೇಳೂರು, ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ’ ಎಂದು ಚಿಕ್ಕದರಿಂದ ದೊಡ್ಡದಕ್ಕೆ ಏರುತ್ತ ಹೋಗಬೇಕು. ೧೯೭೨ನೆಯ ಆಗಸ್ಟ್ ೧೫ರಂದು ಅಂಚೆಯ ಇಲಾಖೆ ಆರಂಕಿಯ ಪಿನ್ ಸಂಖ್ಯೆಯನ್ನು ಜಾರಿಗೆ ತಂದಿತು. ಅಂದಿನಿಂದ ೫೭೨ ಎಂಬ ಮೊದಲ ಮೂರು ಅಂಕಿಗಳನ್ನು ನೋಡಿದೊಡನೆಯೇ ಪತ್ರವು ತುಮಕೂರಿನ ಕಡೆಯದೆಂದು ವಿಂಗಡಿಸುವವರಿಗೆ ತಿಳಿಯುತ್ತದೆ. ಹೆಸರು ಮನುಷ್ಯರ ನೆನಪಿಗಾಗಿ ಇರುವಂಥದು. ಸಂಖ್ಯೆ ಸಾಗಣೆಯ ಸೌಕರ್ಯಕ್ಕಾಗಿ ಇರುವಂಥದು.

ಗಣಕಯಂತ್ರಗಳ ಜಾಲದಲ್ಲಿಯೂ ಇದೇ ವಿಭಾಗವಿದೆ. ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ಹೋಸ್ಟ್ ಎಂದು ಹೆಸರು. ಹೋಸ್ಟಿಗೆ ಜನ ಕರೆಯುವ ಹೆಸರೊಂದು, ಜಾಲವು ಅರಿಯುವ ಸಂಖ್ಯಾರೂಪದ ವಿಳಾಸವೊಂದು. ಹೆಸರನ್ನು ಕೊಟ್ಟು ವಿಳಾಸವನ್ನು ಪಡೆಯುವ ಕೆಲಸವನ್ನು ಸಿ ಭಾಷೆಯ ಪ್ರೋಗ್ರಾಂಗಳು ಕಳೆದ ನಾಲ್ಕು ದಶಕಗಳಿಂದ ಮುಖ್ಯವಾಗಿ ಎರಡು ಫಂಕ್ಷನ್ನುಗಳ ಮೂಲಕ ನಡೆಸಿಕೊಂಡು ಬಂದಿವೆ: ಮೊದಲನೆಯದು ಗೆಟ್‌ಹೋಸ್ಟ್‌ಬೈನೇಮ್, ಎರಡನೆಯದು ಗೆಟ್‌ಆಡ್ರ್‌ಇನ್ಫೋ. ಇವುಗಳಲ್ಲಿ ಒಂದೊಂದರ ರಚನೆಯಲ್ಲಿಯೂ ಹೆಸರೆಂದರೇನು, ವಿಳಾಸವೆಂದರೇನು ಎಂಬ ವಿಷಯದಲ್ಲಿ ಆಯಾ ಕಾಲದ ನಂಬಿಕೆಗಳು ಅಡಗಿವೆ. ಆ ನಂಬಿಕೆಗಳು ಯಾವುವು, ಅವು ಹೇಗೆ ಒಂದೊಂದಾಗಿ ಸಡಿಲಿದವು, ಇನ್ನೂ ಸಡಿಲದೆ ಉಳಿದುದು ಯಾವುದು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸುತ್ತೇವೆ.

೨. ಒಂದೇ ಪಟ್ಟಿಯ ಕಾಲ

ಅಮೆರಿಕದ ಅರ್ಪಾನೆಟ್ ಜಾಲ ೧೯೬೯ರಲ್ಲಿ ನಾಲ್ಕು ಕೇಂದ್ರಗಳಿಂದ ಮೊದಲಾಯಿತು. ನಾಲ್ಕು ಯಂತ್ರಗಳ ಸಂಖ್ಯೆಗಳನ್ನು ಯಾರು ಬೇಕಾದರೂ ನೆನಪಿಡಬಹುದು. ಜಾಲ ಬೆಳೆದಂತೆ ಪ್ರತಿಯೊಂದು ಕೇಂದ್ರವೂ ತನ್ನದೇ ಆದ ಹೆಸರಿನ ಪಟ್ಟಿಯನ್ನಿಟ್ಟುಕೊಂಡು, ಒಂದೇ ಯಂತ್ರವನ್ನು ಬೇರೆ ಬೇರೆ ಕಡೆ ಬೇರೆ ಬೇರೆ ಹೆಸರಿನಿಂದ ಕರೆಯುವ ಅವ್ಯವಸ್ಥೆಗೆ ಎಡೆಯಾಯಿತು. ೧೯೭೩ರ ಕೊನೆಯಲ್ಲಿ ಪೀಟರ್ ಡಾಯ್ಚ್ ಎಂಬವರು ಎಲ್ಲರೂ ಒಪ್ಪುವ ಒಂದೇ ಪಟ್ಟಿಯನ್ನು ಒಂದು ಕಡೆ ಇರಿಸಬೇಕೆಂದು ಸೂಚಿಸಿದರು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ನೇತೃತ್ವದಲ್ಲಿದ್ದ ಜಾಲ ಮಾಹಿತಿ ಕೇಂದ್ರವು ಆ ಹೊಣೆಯನ್ನು ವಹಿಸಿಕೊಂಡಿತು. ಆ ಕಡತದ ಹೆಸರು ‘ಹೋಸ್ಟ್ಸ್ ಡಾಟ್ ಟಿಎಕ್ಸ್‌ಟಿ’.

ಈ ಪಟ್ಟಿಯಲ್ಲಿ ಹೆಸರಿನ ಸ್ವರೂಪಕ್ಕೆ ಕಟ್ಟಳೆಗಳಿದ್ದುವು. ಇಂಗ್ಲಿಷ್ ಅಕ್ಷರಗಳು, ಅಂಕಿಗಳು, ಅಡ್ಡಗೆರೆ ಇವಿಷ್ಟೇ ಹೆಸರಿನಲ್ಲಿ ಬರತಕ್ಕವು. ಉದ್ದ ೨೪ ಅಕ್ಷರಗಳನ್ನು ಮೀರತಕ್ಕದ್ದಲ್ಲ. ದೊಡ್ಡಕ್ಷರ ಸಣ್ಣಕ್ಷರಗಳಿಗೆ ಭೇದವಿಲ್ಲ. ಅಂದಿನ ಯಂತ್ರಗಳ ಅನುಕೂಲಕ್ಕಾಗಿ ಮಾಡಿದ ಈ ನಿಯಮವೇ ಮುಂದೆ ನಮ್ಮ ಭಾಷೆಗಳಿಗೆ ಅಡ್ಡಿಯಾಗಿ ನಿಂತಿತೆಂಬುದನ್ನು ಮುಂದೆ ನೋಡಲಿದ್ದೇವೆ.

ಒಂದೇ ಪಟ್ಟಿಯ ಪದ್ಧತಿಗೆ ಒಂದು ಸಹಜವಾದ ಮಿತಿ ಇದೆ. ಹೊಸ ಹೋಸ್ಟೊಂದು ಸೇರಿದರೆ ಪಟ್ಟಿ ಒಂದು ಸಾಲು ಉದ್ದವಾಗುತ್ತದೆ. ಜೊತೆಗೆ ಆ ಪಟ್ಟಿಯನ್ನು ತರಿಸಿಕೊಳ್ಳುವವರ ಸಂಖ್ಯೆಯೂ ಒಂದು ಹೆಚ್ಚುತ್ತದೆ. ಆದುದರಿಂದ ಪಟ್ಟಿಯ ಹಂಚಿಕೆಯ ವೆಚ್ಚ ಹೋಸ್ಟುಗಳ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹೋಸ್ಟುಗಳು ಹತ್ತುಮಡಿಯಾದರೆ ವೆಚ್ಚ ನೂರುಮಡಿ.

೩. ಬರ್ಕ್ಲಿಯ ಫಂಕ್ಷನ್ನು

ಸಿ ಭಾಷೆಯ ಪ್ರೋಗ್ರಾಂಗಳಿಗೆ ಜಾಲದ ಬಾಗಿಲನ್ನು ತೆರೆದುದು ೧೯೮೩ರ ಆಗಸ್ಟಿನಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಿಂದ ಹೊರಬಂದ ಯುನಿಕ್ಸಿನ ೪.೨ ಬಿಎಸ್‌ಡಿ ಆವೃತ್ತಿ. ಅದೇ ವರ್ಷದ ಜನವರಿ ೧ರಂದು ಅರ್ಪಾನೆಟ್ ಹೊಸ ಸಂವಹನ ಪದ್ಧತಿಯಾದ ಟಿಸಿಪಿ/ಐಪಿಗೆ ಬದಲಾಗಿತ್ತು. ಗೆಟ್‌ಹೋಸ್ಟ್‌ಬೈನೇಮ್ ಹುಟ್ಟಿದುದು ಈ ಸಂದರ್ಭದಲ್ಲಿ. ಅದು ಹೆಸರೊಂದನ್ನು ಪಡೆದು, ಸ್ಥಳೀಯ ಹೋಸ್ಟ್ಸ್ ಕಡತವನ್ನು ಓದಿ, ಹೋಸ್ಟೆಂಟ್ ಎಂಬ ಸ್ಟ್ರಕ್ಚರಿನ ಪಾಯಿಂಟರನ್ನು ಹಿಂದಿರುಗಿಸುತ್ತಿತ್ತು. ಆ ಸ್ಟ್ರಕ್ಚರಿನಲ್ಲಿ ಯಂತ್ರದ ಅಧಿಕೃತ ಹೆಸರು, ಅದರ ಪರ್ಯಾಯ ನಾಮಗಳು, ವಿಳಾಸದ ಬಗೆ, ವಿಳಾಸದ ಉದ್ದ, ವಿಳಾಸ ಇವು ಇದ್ದುವು. ಜಾಲ ಮಾಹಿತಿ ಕೇಂದ್ರದ ಪಟ್ಟಿಯನ್ನು ಈ ಕಡತದ ರೂಪಕ್ಕೆ ತಿರುಗಿಸುವ ಎಚ್‌ಟೇಬಲ್ ಎಂಬ ಉಪಕರಣವೂ ಜೊತೆಯಲ್ಲಿಯೇ ಬಂದಿತು. ಎಂದರೆ ಫಂಕ್ಷನ್ನಿನ ಮೂಲ ಕಲ್ಪನೆ ಪಟ್ಟಿಯೊಂದನ್ನು ನೋಡುವ ಕಲ್ಪನೆಯೇ ಹೊರತು ಜಾಲವನ್ನು ಪ್ರಶ್ನಿಸುವ ಕಲ್ಪನೆಯಲ್ಲ.

ಇದರಲ್ಲಿ ಮೂರು ನಂಬಿಕೆಗಳು ಗರ್ಭಿತವಾಗಿದ್ದುವು. ಒಂದು, ಉತ್ತರ ಕೂಡಲೇ ದೊರೆಯುತ್ತದೆ. ಎರಡು, ಒಂದು ಪ್ರೋಗ್ರಾಮಿನಲ್ಲಿ ಒಂದು ಕಾಲಕ್ಕೆ ಒಬ್ಬರೇ ಪ್ರಶ್ನೆ ಕೇಳುತ್ತಾರೆ. ಮೂರು, ಒಂದು ಪ್ರಶ್ನೆಗೆ ಒಂದೇ ಬಗೆಯ ವಿಳಾಸ ಉತ್ತರವಾಗಿರುತ್ತದೆ.

೪. ಅಧಿಕಾರದ ಹಂಚಿಕೆ

ಅದೇ ೧೯೮೩ರ ನವೆಂಬರಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಪಾಲ್ ಮೋಕಪೆಟ್ರಿಸ್ ಅವರು ಡೊಮೇನ್ ನೇಮ್ ಸಿಸ್ಟಮ್ ಎಂಬ ಹೊಸ ವ್ಯವಸ್ಥೆಯ ರೂಪರೇಖೆಯನ್ನು ಪ್ರಕಟಿಸಿದರು; ೧೯೮೭ರ ನವೆಂಬರಿನಲ್ಲಿ ಅದರ ಪರಿಷ್ಕೃತ ರೂಪ ಹೊರಬಂದಿತು. ಇದರ ತಿರುಳು ಹೀಗಿದೆ: ಹೆಸರುಗಳೆಲ್ಲವನ್ನೂ ಒಂದು ಕಚೇರಿಯಲ್ಲಿ ಇಡಬೇಕಾದುದಿಲ್ಲ, ಹೆಸರಿನ ಒಂದೊಂದು ಮಟ್ಟಕ್ಕೂ ಒಬ್ಬ ಹೊಣೆಗಾರನಿದ್ದು, ಕೆಳಗಿನ ಮಟ್ಟವನ್ನು ಯಾರು ಬಲ್ಲರೆಂಬುದನ್ನಷ್ಟೇ ಅವನು ಹೇಳಿದರೆ ಸಾಕು. ಜಿಲ್ಲೆಯ ಕಚೇರಿಗೆ ತಾಲ್ಲೂಕುಗಳು ಗೊತ್ತು, ತಾಲ್ಲೂಕಿನ ಕಚೇರಿಗೆ ಹೋಬಳಿಗಳು ಗೊತ್ತು. ಹೀಗಿರಲು, ಎರಡು ಚೇಳೂರುಗಳು ಪರಸ್ಪರ ವಿರೋಧವಿಲ್ಲದೆ ಇರಬಹುದಷ್ಟೆ.

ಭಾರತದಲ್ಲಿ ಈ ವ್ಯವಸ್ಥೆ ನೆಲೆಯೂರಿದ ಬಗೆ ಕರ್ಣಾಟಕದ ಓದುಗರಿಗೆ ವಿಶೇಷ ಸಂಗತಿ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ೧೯೮೬ರಲ್ಲಿ ಮೊದಲುಮಾಡಿದ ಅರ್ನೆಟ್ ಎಂಬ ವಿದ್ಯಾಜಾಲದ ಆರಂಭದ ಎಂಟು ಸದಸ್ಯರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಭಾರತವನ್ನು ಸೂಚಿಸುವ ‘ಇನ್’ ಎಂಬ ಮೇಲ್ಮಟ್ಟದ ಡೊಮೇನ್ ೧೯೮೯ರ ಮೇ ೮ರಂದು ನೋಂದಣಿಯಾಗಿ, ಮುಂಬಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರದ ಆಡಳಿತಕ್ಕೆ ಒಳಪಟ್ಟಿತು. ೨೦೦೫ರಿಂದ ಆ ಹೊಣೆ ನಿಕ್ಸಿ ಎಂಬ ಸಂಸ್ಥೆಯದು. ವಿಜ್ಞಾನ ಸಂಸ್ಥೆಯ ಯಂತ್ರಗಳು ಬಹುಕಾಲ ‘ಐಐಎಸ್‌ಸಿ ಡಾಟ್ ಅರ್ನೆಟ್ ಡಾಟ್ ಇನ್’ ಎಂದು ಮುಗಿಯುವ ಹೆಸರುಗಳನ್ನು ಧರಿಸಿದ್ದುವು: ಸಂಸ್ಥೆ, ಅದರ ಜಾಲ, ದೇಶ ಎಂಬ ಈ ಕ್ರಮ ಲಕೋಟೆಯ ಮೇಲಣ ವಿಳಾಸದ ಕ್ರಮವೇ ಸರಿ. ಮುಂದೆ ಅವು ‘ಐಐಎಸ್‌ಸಿ ಡಾಟ್ ಎಸಿ ಡಾಟ್ ಇನ್’ ಎಂಬುದಕ್ಕೆ ಬದಲಾದುವು. ಹೆಸರು ವಿಳಾಸಕ್ಕಿಂತ ಸ್ಥಿರವೆಂಬುದು ಸಾಮಾನ್ಯ ನಿಯಮವಾದರೂ ಹೆಸರನ್ನು ಕೊಡುವ ಅಧಿಕಾರ ಬದಲಾದಾಗ ಹೆಸರೂ ಬದಲಾಗುತ್ತದೆ.

ಹೊಸ ವ್ಯವಸ್ಥೆಗಾಗಿ ಬರ್ಕ್ಲಿಯ ನಾಲ್ವರು ವಿದ್ಯಾರ್ಥಿಗಳು ೧೯೮೪ರಲ್ಲಿ ಬೈಂಡ್ ಎಂಬ ತಂತ್ರಾಂಶವನ್ನು ರಚಿಸಿದರು. ೧೯೮೬ರ ೪.೩ ಬಿಎಸ್‌ಡಿಯಲ್ಲಿ ಗೆಟ್‌ಹೋಸ್ಟ್‌ಬೈನೇಮ್ ಕಡತವನ್ನು ಓದುವುದರ ಬದಲು ಜಾಲದಲ್ಲಿನ ನಾಮಸೇವಕ ಯಂತ್ರವನ್ನು ಪ್ರಶ್ನಿಸಲು ಶಕ್ತವಾಯಿತು. ಒಂದು ಹೋಸ್ಟಿಗೆ ಹಲವು ವಿಳಾಸಗಳಿರಬಹುದೆಂದು ಒಪ್ಪಿ, ವಿಳಾಸವಿದ್ದ ಕಡೆ ವಿಳಾಸಗಳ ಪಟ್ಟಿಯನ್ನಿಟ್ಟರು. ಹಳೆಯ ಪ್ರೋಗ್ರಾಂಗಳು ಕೆಡದಂತೆ, ಪಟ್ಟಿಯ ಮೊದಲನೆಯದನ್ನು ಹಳೆಯ ಹೆಸರಿನಿಂದಲೇ ಕರೆಯುವ ಏರ್ಪಾಡು ಮಾಡಿದರು. ಫಂಕ್ಷನ್ನಿನ ಹೊರರೂಪ ಬದಲಾಗಲಿಲ್ಲ, ಒಳಗಣ ಕೆಲಸ ಪೂರ್ತಿಯಾಗಿ ಬದಲಾಯಿತು. ಕರೆಯುವವನು ಒಳಗಿನ ವಿಧಾನವನ್ನು ತಿಳಿಯಬೇಕಾಗಿಲ್ಲವೆಂಬ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಅಪೂರ್ವ. ಆದರೆ ಉತ್ತರ ಕೂಡಲೇ ಬರುವುದೆಂಬ ಮೊದಲನೆಯ ನಂಬಿಕೆ ಇಲ್ಲಿಗೆ ಮುರಿಯಿತು: ದೂರದ ನಾಮಸೇವಕ ಸುಮ್ಮನಿದ್ದರೆ ಪ್ರೋಗ್ರಾಂ ಅಲ್ಲಿಯೇ ನಿಂತು ಕಾಯುತ್ತದೆ.

೫. ಹಳೆಯ ಫಂಕ್ಷನ್ನಿನ ಅಸ್ತಮಾನ

ಎರಡನೆಯ ನಂಬಿಕೆಯ ದೋಷ ಸೂಕ್ಷ್ಮವಾದುದು. ಗೆಟ್‌ಹೋಸ್ಟ್‌ಬೈನೇಮ್ ತನ್ನ ಉತ್ತರವನ್ನು ತನ್ನಲ್ಲೇ ಕಾಯ್ದಿರಿಸಿದ ಒಂದೇ ಸ್ಥಳದಲ್ಲಿ ಬರೆದು, ಆ ಸ್ಥಳದ ಪಾಯಿಂಟರನ್ನು ಕೊಡುತ್ತದೆ. ಮೊದಲು ಒಂದು ಹೋಸ್ಟನ್ನು ಕೇಳಿ, ಪಾಯಿಂಟರನ್ನು ಇರಿಸಿಕೊಂಡು, ಬಳಿಕ ಎರಡನೆಯದನ್ನು ಕೇಳಿದರೆ ಮೊದಲನೆಯ ಉತ್ತರ ಅಳಿಸಿಹೋಗಿರುತ್ತದೆ. ಎರಡು ಪಾಯಿಂಟರುಗಳೂ ಎರಡನೆಯ ಹೋಸ್ಟನ್ನೇ ತೋರಿಸುತ್ತವೆ. ಒಂದೇ ಪ್ರೋಗ್ರಾಮಿನಲ್ಲಿ ಹಲವು ಎಳೆಗಳು ಏಕಕಾಲಕ್ಕೆ ನಡೆಯತೊಡಗಿದ ಮೇಲೆ ಈ ದೋಷ ಅಪಾಯಕಾರಿಯಾಯಿತು. ಇದನ್ನು ಸರಿಪಡಿಸಲು ಹೊರಟವರು ಒಂದೊಂದು ವ್ಯವಸ್ಥೆಯಲ್ಲಿ ಒಂದೊಂದು ರೀತಿಯ ಪರ್ಯಾಯವನ್ನು ರಚಿಸಿದರು. ಸೋಲಾರಿಸಿನಲ್ಲಿ ಅದಕ್ಕೆ ಐದು ವಾದಗಳು, ಲಿನಕ್ಸಿನಲ್ಲಿ ಆರು.

ಮೂರನೆಯ ನಂಬಿಕೆಯನ್ನು ಮುರಿದುದು ವಿಳಾಸಗಳ ಕೊರತೆ. ೧೯೮೧ರಲ್ಲಿ ನಿಶ್ಚಿತವಾದ ಐಪಿಯ ನಾಲ್ಕನೆಯ ಆವೃತ್ತಿಯಲ್ಲಿ ವಿಳಾಸಕ್ಕೆ ನಾಲ್ಕು ಬೈಟು. ೧೯೯೫ರಲ್ಲಿ ಮೊದಲು ನಿರ್ದಿಷ್ಟವಾದ ಆರನೆಯ ಆವೃತ್ತಿಯಲ್ಲಿ ಹದಿನಾರು ಬೈಟು. ಒಂದು ಹೋಸ್ಟಿಗೆ ಎರಡು ಬಗೆಯ ವಿಳಾಸವೂ ಇರುವುದು ಸಾಮಾನ್ಯವಾಯಿತು. ಹೋಸ್ಟೆಂಟ್ ಸ್ಟ್ರಕ್ಚರಿನಲ್ಲಿಯಾದರೋ ಬಗೆ, ಉದ್ದ ಇವುಗಳಿಗೆ ಇಡೀ ಪಟ್ಟಿಗೆ ಒಂದೊಂದೇ ಸ್ಥಾನ. ಎರಡು ಬಗೆಯ ವಿಳಾಸಗಳು ಒಂದೇ ಉತ್ತರದಲ್ಲಿ ಸೇರಲಾರವು.

ಹೀಗಾಗಿ ಗೆಟ್‌ಆಡ್ರ್‌ಇನ್ಫೋ ರೂಪುಗೊಂಡಿತು. ೧೯೯೭, ೧೯೯೯, ೨೦೦೩ರ ದಸ್ತಾವೇಜುಗಳಲ್ಲಿ ಅದರ ಲಕ್ಷಣ ಕ್ರಮವಾಗಿ ಪರಿಷ್ಕಾರಗೊಂಡಿದೆ. ಇದು ಹೋಸ್ಟಿನ ಹೆಸರನ್ನೂ ಸೇವೆಯ ಹೆಸರನ್ನೂ ಒಟ್ಟಿಗೆ ಪಡೆದು, ಕರೆದವನಿಗಾಗಿಯೇ ಹೊಸದಾಗಿ ನಿರ್ಮಿಸಿದ ಕೊಂಡಿಗಳ ಸರಣಿಯನ್ನು ಕೊಡುತ್ತದೆ. ಪ್ರತಿಯೊಂದು ಕೊಂಡಿಯಲ್ಲಿಯೂ ವಿಳಾಸದೊಡನೆ ಅದರ ಬಗೆಯೂ ಉದ್ದವೂ ಇರುತ್ತವೆ. ಪ್ರೋಗ್ರಾಮಿನವನು ಸರಣಿಯನ್ನು ಮೊದಲಿನಿಂದ ಅನುಸರಿಸಿ, ಸಂಪರ್ಕ ಸಿದ್ಧಿಸುವ ತನಕ ಒಂದೊಂದನ್ನೂ ಪ್ರಯತ್ನಿಸಿ, ಕೊನೆಗೆ ಸರಣಿಯನ್ನು ಫ್ರೀಆಡ್ರ್‌ಇನ್ಫೋ ಮೂಲಕ ಬಿಡುಗಡೆ ಮಾಡತಕ್ಕದ್ದು. ಪಾಸಿಕ್ಸ್ ಮಾನಕವು ೨೦೦೧ರಲ್ಲಿ ಹಳೆಯದನ್ನು ಬಳಕೆ ತಪ್ಪುತ್ತಿರುವುದೆಂದು ಗುರುತಿಸಿ, ೨೦೦೮ರಲ್ಲಿ ಕೈಬಿಟ್ಟಿತು.

ಕೈಬಿಟ್ಟದ್ದೆಲ್ಲ ಮರೆಯಾಗುವುದಿಲ್ಲ. ೨೦೧೫ರ ಜನವರಿ ೨೭ರಂದು ಕ್ವಾಲಿಸ್ ಸಂಸ್ಥೆಯವರು ಪ್ರಕಟಿಸಿದ ‘ಘೋಸ್ಟ್’ ಎಂಬ ದೋಷ ಇದಕ್ಕೆ ಸಾಕ್ಷಿ. ಲಿನಕ್ಸಿನಲ್ಲಿ ಬಳಕೆಯಲ್ಲಿರುವ ಗ್ನೂ ಸಿ ಲೈಬ್ರರಿಯಲ್ಲಿ, ಹೆಸರಿನ ಸ್ಥಾನದಲ್ಲಿ ಅಂಕಿಚುಕ್ಕೆಗಳಷ್ಟೇ ಬಂದಾಗ ಬೇಕಾಗುವ ಸ್ಥಳದ ಲೆಕ್ಕದಲ್ಲಿ ಒಂದು ಪಾಯಿಂಟರಿನಷ್ಟು ಅಳತೆ ಬಿಟ್ಟುಹೋಗಿತ್ತು: ೩೨ ಬಿಟ್‌ನ ಯಂತ್ರದಲ್ಲಿ ನಾಲ್ಕು ಬೈಟು, ೬೪ ಬಿಟ್‌ನದರಲ್ಲಿ ಎಂಟು. ೨೦೦೦ದಲ್ಲಿ ನುಸುಳಿದ ಆ ತಪ್ಪಿನಿಂದ ಪರರು ಯಂತ್ರವನ್ನು ವಶಮಾಡಿಕೊಳ್ಳುವ ಸಾಧ್ಯತೆ ಉಂಟಾಗಿತ್ತು. ಹೊಸದು ನಿರ್ದೋಷವೆಂದು ಹೇಳುವಂತಿಲ್ಲ. ೨೦೧೬ರ ಫೆಬ್ರವರಿಯಲ್ಲಿ ಅದೇ ಲೈಬ್ರರಿಯ ಗೆಟ್‌ಆಡ್ರ್‌ಇನ್ಫೋದಲ್ಲಿಯೂ ಇಂಥದೇ ದೋಷ ಬೆಳಕಿಗೆ ಬಂದಿತು. ಆದರೆ ಎರಡನೆಯದು ರಚನೆಯಲ್ಲಿನ ಪ್ರಮಾದ ಮಾತ್ರ. ಹಳೆಯದರ ಕೊರತೆಯಾದರೋ ಅದರ ಲಕ್ಷಣದಲ್ಲಿಯೇ ಇದೆ, ಎಷ್ಟು ತಿದ್ದಿದರೂ ಹೋಗತಕ್ಕದ್ದಲ್ಲ.

೬. ಕನ್ನಡದ ಹೆಸರು

ಇನ್ನು ಉಳಿದುದು ಹೆಸರೆಂದರೆ ಇಂಗ್ಲಿಷ್ ಅಕ್ಷರಗಳೆಂಬ ನಂಬಿಕೆ. ಚೇಳೂರನ್ನು ಆ ಅಕ್ಷರಗಳಲ್ಲಿ ಬರೆದರೆ ‘ಚೆ’ಗೂ ‘ಚೇ’ಗೂ, ‘ಲ’ಗೂ ‘ಳ’ಗೂ ಇರುವ ಭೇದ ಅಳಿಯುತ್ತದೆ, ಕೊನೆಯ ಉಕಾರ ಕೆಲವರ ಬರವಣಿಗೆಯಲ್ಲಿ ಇರುತ್ತದೆ, ಕೆಲವರದರಲ್ಲಿ ಇರುವುದಿಲ್ಲ. ತುಮಕೂರಿನ ಇಂಗ್ಲಿಷ್ ಕಾಗುಣಿತವನ್ನು ಸರ್ಕಾರವೇ ೨೦೧೪ರ ನವೆಂಬರ್ ೧ರಂದು ತಿದ್ದಬೇಕಾಯಿತು. ಕನ್ನಡದಲ್ಲಿ ಬರೆದರೆ ಈ ಸಂದೇಹಗಳಿಗೆ ಅವಕಾಶವಿಲ್ಲ.

೨೦೦೩ರಲ್ಲಿ ನಿರ್ದಿಷ್ಟವಾಗಿ ೨೦೧೦ರಲ್ಲಿ ಪರಿಷ್ಕೃತವಾದ ಪದ್ಧತಿ ಇದಕ್ಕೆ ದಾರಿಮಾಡಿತು. ನಾಮವ್ಯವಸ್ಥೆಯನ್ನು ಮುಟ್ಟದೆ, ಇತರ ಲಿಪಿಯ ಹೆಸರನ್ನು ಇಂಗ್ಲಿಷ್ ಅಕ್ಷರ ಅಂಕಿಗಳ ಸಂಕೇತಕ್ಕೆ ತಿರುಗಿಸಿ ಕಳುಹಿಸುವುದು ಅದರ ಉಪಾಯ. ಆ ಸಂಕೇತಕ್ಕೆ ಪ್ಯುನಿಕೋಡ್ ಎಂದು ಹೆಸರು. ‘ಚೇಳೂರು’ ಎಂಬ ಮೂರಕ್ಷರದ ಪದ ಯುನಿಕೋಡಿನ ಎಣಿಕೆಯಲ್ಲಿ ಆರು ಘಟಕಗಳು, ಯುಟಿಎಫ್-೮ ರೂಪದಲ್ಲಿ ೧೮ ಬೈಟುಗಳು. ನಿಯಮದಂತೆ ಲೆಕ್ಕಹಾಕಿದರೆ ಜಾಲದ ಮೇಲೆ ಅದು ‘ಎಕ್ಸ್‌ಎನ್--ಎಸ್‌ಎಸ್‌ಸಿ೮ಬಿಐ೧ಡಿಡಿ೨ಎ’ ಎಂಬ ಹದಿನೈದು ಚಿಹ್ನೆಗಳಾಗುತ್ತದೆ. ದೇವನಾಗರಿಯ ‘ಭಾರತ್’ ಡೊಮೇನ್ ೨೦೧೪ರ ಆಗಸ್ಟಿನಲ್ಲಿ ಬಳಕೆಗೆ ಬಂದ ಬಳಿಕ ಕನ್ನಡ ಲಿಪಿಯ ‘ಭಾರತ’ಕ್ಕೂ ಮೇಲ್ಮಟ್ಟದಲ್ಲಿ ಸ್ಥಾನ ದೊರೆತಿದೆ, ಅದರ ಜಾಲರೂಪ ‘ಎಕ್ಸ್‌ಎನ್--೨ಎಸ್‌ಸಿಆರ್‌ಜೆ೯ಸಿ’.

ಆದರೆ ಸಿ ಪ್ರೋಗ್ರಾಮಿನಲ್ಲಿ ಈ ತಿರುಗಿಸುವಿಕೆ ತಾನಾಗಿ ನಡೆಯುವುದಿಲ್ಲ. ಗ್ನೂ ಲೈಬ್ರರಿಯ ಗೆಟ್‌ಆಡ್ರ್‌ಇನ್ಫೋದಲ್ಲಿ ಎಐ_ಐಡಿಎನ್ ಎಂಬ ಸೂಚನೆಯನ್ನು ಕೊಟ್ಟು, ಮೊದಲೇ ಭಾಷಾಪರಿಸರವನ್ನು ಸೆಟ್‌ಲೊಕೇಲ್ ಮೂಲಕ ಗೊತ್ತುಮಾಡಿದ್ದರೆ ಮಾತ್ರ ನಡೆಯುತ್ತದೆ. ಅದೂ ಪಾಸಿಕ್ಸಿಗೆ ಸೇರಿದುದಲ್ಲ. ‘ಚೇ’ ಎಂಬಲ್ಲಿನ ದೀರ್ಘವನ್ನು ಒಂದೇ ಘಟಕವಾಗಿಯೂ, ಹ್ರಸ್ವ ಎಕಾರದೊಡನೆ ದೀರ್ಘಚಿಹ್ನೆಯನ್ನು ಸೇರಿಸಿ ಎರಡು ಘಟಕಗಳಾಗಿಯೂ ಬರೆಯಬಹುದಾದ್ದರಿಂದ, ತಿರುಗಿಸುವ ಮುನ್ನ ಅವನ್ನು ಏಕರೂಪಕ್ಕೆ ತರಬೇಕು. ಇದಕ್ಕಿಂತ ಸಾಮಾನ್ಯವಾದ ತೊಡಕು ಇನ್ನೊಂದಿದೆ. ಹೆಸರು ಸರಿಯೇ ಎಂದು ನೋಡಲು ಪ್ರತಿಯೊಂದು ಬೈಟನ್ನೂ ಈಸಲ್‌ನಮ್ ಫಂಕ್ಷನ್ನಿಗೆ ಒಪ್ಪಿಸುವ ರೂಢಿಯುಂಟು. ‘ಚ’ಕಾರದ ಬೈಟುಗಳು ೨೨೪, ೧೭೮, ೧೫೪, ಚಾರ್ ಬಗೆಯು ಋಣಸಂಖ್ಯೆಗಳನ್ನು ಒಳಗೊಂಡಿರುವ ಯಂತ್ರಗಳಲ್ಲಿ ಇವು ಮೂರೂ ಋಣಸಂಖ್ಯೆಗಳಾಗುತ್ತವೆ, ಹಾಗೆಯೇ ಒಪ್ಪಿಸಿದರೆ ಫಲಿತ ಏನೆಂದು ಭಾಷೆಯ ಮಾನಕ ಹೇಳುವುದಿಲ್ಲ. ಶೋಧನೆಯ ತನಕ ಹೋಗದೆಯೇ ಊರಿನ ಹೆಸರು ಬಾಗಿಲಲ್ಲಿ ತಿರಸ್ಕೃತವಾಗುತ್ತದೆ.

೭. ಉಪಸಂಹಾರ

ಮೇಲಣ ವಿವೇಚನೆಯಿಂದ ಎರಡು ನಿರ್ಣಯಗಳು ಹೊರಡುತ್ತವೆ. ಮೊದಲನೆಯದು ಬೋಧನೆಗೆ ಸಂಬಂಧಿಸಿದುದು. ರಿಚರ್ಡ್ ಸ್ಟೀವನ್ಸ್ ಅವರ ಪ್ರಸಿದ್ಧ ಯುನಿಕ್ಸ್ ಜಾಲಗ್ರಂಥದ ೧೯೯೦ರ ಮೊದಲ ಮುದ್ರಣವನ್ನು ಅನುಸರಿಸಿ ಬರೆದ ಅಭ್ಯಾಸಗಳು ಗೆಟ್‌ಹೋಸ್ಟ್‌ಬೈನೇಮನ್ನೇ ಕಲಿಸುತ್ತವೆ. ೨೦೦೩ರ ಮೂರನೆಯ ಆವೃತ್ತಿಯಲ್ಲಿ ಗೆಟ್‌ಆಡ್ರ್‌ಇನ್ಫೋದ ವಿವರಣೆ ಇದೆ. ಆರನೆಯ ಆವೃತ್ತಿಯ ವಿಳಾಸಗಳ ಬಳಕೆ ಭಾರತದಲ್ಲಿ ಅರ್ಧಕ್ಕೂ ಮೀರಿರುವ ಈ ಕಾಲದಲ್ಲಿ, ಹಳೆಯ ಫಂಕ್ಷನ್ನನ್ನು ಚರಿತ್ರೆಯ ಪಾಠವಾಗಿ ಕಲಿಸುವುದು ಉಚಿತ, ಪ್ರಯೋಗದ ಪಾಠವಾಗಿ ಕಲಿಸುವುದು ಉಚಿತವಲ್ಲ.

ಎರಡನೆಯದು ಭಾಷೆಗೆ ಸಂಬಂಧಿಸಿದುದು. ಹಿಂದಿನ ಮೂರು ನಂಬಿಕೆಗಳು ಮುರಿದುದು ಬೇರೆ ದೇಶಗಳ ಕಾರ್ಯಾಗಾರಗಳಲ್ಲಿ. ಅವುಗಳ ಫಲವನ್ನು ನಾವು ಸಿದ್ಧರೂಪದಲ್ಲಿ ಪಡೆದೆವು. ಈ ಕೊನೆಯ ನಂಬಿಕೆಯ ತೊಂದರೆಯನ್ನು ದಿನವೂ ಅನುಭವಿಸುವವರು ಕನ್ನಡದಂಥ ಭಾಷೆಗಳನ್ನಾಡುವವರೇ ಆದ್ದರಿಂದ, ಅದನ್ನು ಪರೀಕ್ಷಿಸಿ ತಿದ್ದುವ ಕೆಲಸವೂ ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ನಡೆಯಬೇಕಾಗಿದೆ. ವಿದ್ಯಾರ್ಥಿಗಳು ತಾವು ಬರೆದ ಪ್ರೋಗ್ರಾಮಿಗೆ ತಮ್ಮ ತಮ್ಮ ಊರಿನ ಹೆಸರನ್ನು ಕನ್ನಡದಲ್ಲಿಯೇ ಕೊಟ್ಟು, ಅದು ಎಲ್ಲಿಯ ತನಕ ಸಾಗಿ ಎಲ್ಲಿ ನಿಲ್ಲುವುದೆಂಬುದನ್ನು ಗುರುತಿಸುವುದರಿಂದ ಈ ಅಧ್ಯಯನವನ್ನು ಆರಂಭಿಸಬಹುದು.